ಹೃದಯದ ಸ್ಕ್ಯಾನ್‌ನಿಂದ ಬಂದ ಕುಂಚ

ಫೋಟೊವನ್ನು ತೈಲಚಿತ್ರದಂತೆ ಮಾಡುವ ಹಳೆಯ ಫಿಲ್ಟರ್ ಒಂದಿದೆ. ಹೆಸರು ಕುವಾಹಾರಾ. ಅದು ಹುಟ್ಟಿದ್ದು ಚಿತ್ರಕಲೆಗಾಗಿ ಅಲ್ಲ. 1976ರಲ್ಲಿ ಜಪಾನಿನ ಮಿಚಿಯೋಶಿ ಕುವಾಹಾರಾ ಮತ್ತು ಜೊತೆಗಾರರು ಅದನ್ನು ಪ್ರಕಟಿಸಿದ್ದು ಹೃದಯದ ವೈದ್ಯಕೀಯ ಚಿತ್ರಗಳಿಗಾಗಿ. ರಕ್ತಕ್ಕೆ ವಿಕಿರಣ ಸೂಸುವ ವಸ್ತು ಸೇರಿಸಿ ತೆಗೆಯುವ ಆ ಚಿತ್ರಗಳಲ್ಲಿ ತುಂಬಾ ಚುಕ್ಕೆಗಳು. ಅವು ಹೋಗಬೇಕು, ಆದರೆ ಹೃದಯದ ಅಂಚು ಮಸುಕಾಗಬಾರದು.

ಅವರು ಹಿಡಿದ ದಾರಿ ಬಹಳ ಸರಳ. ಒಂದು ಪಿಕ್ಸೆಲ್ ತೆಗೆದುಕೊಳ್ಳಿ. ಅದು ಮೂಲೆಯಲ್ಲಿ ಬರುವ ಹಾಗೆ ಸುತ್ತ ನಾಲ್ಕು ಪುಟ್ಟ ಚೌಕ ಹಾಕಿ. ಪ್ರತಿ ಚೌಕದಲ್ಲೂ ಎರಡು ಲೆಕ್ಕ: ಸರಾಸರಿ ಬಣ್ಣ ಯಾವುದು, ಅದರಲ್ಲಿ ಏರುಪೇರು ಎಷ್ಟು. ಏರುಪೇರು ಎಲ್ಲಕ್ಕಿಂತ ಕಡಿಮೆ ಇರುವ ಚೌಕದ ಸರಾಸರಿಯನ್ನು ಆ ಪಿಕ್ಸೆಲ್‌ಗೆ ಕೊಡಿ. ಅಷ್ಟೇ.

ಆ ಪಿಕ್ಸೆಲ್ ಕೆನ್ನೆಯ ಅಂಚಿನಲ್ಲಿದೆ ಅಂತಿಟ್ಟುಕೊಳ್ಳಿ. ಕೆನ್ನೆಯೂ ಹಿಂದಿನ ಗೋಡೆಯೂ ಸೇರಿದ ಚೌಕದಲ್ಲಿ ಏರುಪೇರು ಜಾಸ್ತಿ, ಅದು ಸೋಲುತ್ತದೆ. ಬರೀ ಕೆನ್ನೆ ಇರುವ ಚೌಕ ಗೆಲ್ಲುತ್ತದೆ. ಹಾಗಾಗಿ ಕೆನ್ನೆಯ ಬಣ್ಣ ಗೋಡೆಗೆ ಸೋರುವುದಿಲ್ಲ. ಚರ್ಮದ ರಂಧ್ರ, ಎಳೆ ಕೂದಲು ಮಾತ್ರ ಕರಗಿ ಅಗಲವಾದ ಬಣ್ಣದ ತುಂಡುಗಳಾಗುತ್ತವೆ. ಅಂಚು ಚೂಪು, ಒಳಗೆ ಒಂದೇ ಬಣ್ಣ. ಚಪ್ಪಟೆ ಬ್ರಷ್ ಎಳೆದಾಗ ಕ್ಯಾನ್ವಾಸ್ ಮೇಲೆ ಕಾಣುವುದೂ ಇದೇ ಅಲ್ವಾ? ಉಚಿತವಾಗಿ ಸಿಗುವ ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲೂ ಈಗ ಈ ಫಿಲ್ಟರ್ ಇದೆ.

1998ರಲ್ಲಿ ಕಂಪ್ಯೂಟರ್ ವಿಜ್ಞಾನಿ ಆರನ್ ಹರ್ಟ್ಸ್‌ಮನ್ ಇನ್ನೊಂದು ಹೆಜ್ಜೆ ಇಟ್ಟರು. ಅವರ ಪ್ರೋಗ್ರಾಂ ಮೊದಲು ದಪ್ಪ ಬ್ರಷ್‌ನಲ್ಲಿ ಇಡೀ ಚಿತ್ರ ಬರೆಯುತ್ತದೆ. ಆಮೇಲೆ, ಫೋಟೊಗೂ ಚಿತ್ರಕ್ಕೂ ವ್ಯತ್ಯಾಸ ಜಾಸ್ತಿ ಇರುವ ಕಡೆ ಮಾತ್ರ ಸಣ್ಣ ಬ್ರಷ್ ಹಿಡಿಯುತ್ತದೆ. ಎಲ್ಲಿ ವಿವರ ಬೇಕು, ಎಲ್ಲಿ ಬೇಡ ಎಂಬ ಆಯ್ಕೆ ಇಲ್ಲಿದೆ. ನನ್ನ ಮಟ್ಟಿಗೆ ಚಿತ್ರದ ಜೀವ ಇರುವುದೇ ಈ ಆಯ್ಕೆಯಲ್ಲಿ.

2015ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನ ಲಿಯಾನ್ ಗಾಟಿಸ್ ಮತ್ತು ಸಂಗಡಿಗರು ನ್ಯೂರಲ್ ನೆಟ್‌ವರ್ಕ್ ಬಳಸಿದರು. ವಸ್ತುಗಳನ್ನು ಗುರುತಿಸಲು ಕಲಿತಿದ್ದ ಜಾಲ ಅದು. ಒಂದು ಪೇಂಟಿಂಗಿನಲ್ಲಿ ಯಾವ ಬಣ್ಣ, ಯಾವ ಗೆರೆ, ಯಾವ ತಿರುವು ಒಟ್ಟೊಟ್ಟಿಗೆ ಬರುತ್ತವೆ ಎಂದು ಲೆಕ್ಕ ಹಾಕಿ, ಅವು ಎಲ್ಲಿವೆ ಎಂಬುದನ್ನು ಬಿಟ್ಟುಬಿಟ್ಟರು. ಉಳಿದದ್ದೇ ಶೈಲಿ. ತಮ್ಮ ಊರಿನ ನದಿ ದಂಡೆಯ ಫೋಟೊಗೆ ಚಿತ್ರಕಾರ ವ್ಯಾನ್ ಗೋನ ‘ನಕ್ಷತ್ರದ ರಾತ್ರಿ’ ಪೇಂಟಿಂಗಿನ ಸುಳಿಗಳನ್ನು ತೊಡಿಸಿದರು.

ಈಗಿನ ಎಐ ಕೆಲಸ ಮಾಡುವುದು ಬೇರೆ ರೀತಿ. 2022ರಲ್ಲಿ ಬಂದ ಸ್ಟೇಬಲ್ ಡಿಫ್ಯೂಷನ್‌ಗೆ ಫೋಟೊ ಕೊಟ್ಟರೆ ಅದರ ಮೇಲೆ ಗಜಿಬಿಜಿ ಚುಕ್ಕೆಗಳನ್ನು ಸುರಿಯುತ್ತದೆ. ಆಮೇಲೆ ನೀವು ಬರೆದ ಸೂಚನೆಗೆ ತಕ್ಕಂತೆ ಅವನ್ನು ಹಂತಹಂತವಾಗಿ ತೆಗೆಯುತ್ತದೆ. ಎಷ್ಟು ಸುರಿಯಬೇಕು ಎಂಬುದು ನಿಮ್ಮ ಕೈಯಲ್ಲಿದೆ. ಕಡಿಮೆ ಸುರಿದರೆ ಫೋಟೊ ಉಳಿಯುತ್ತದೆ. ಜಾಸ್ತಿಯಾದರೆ ಅಳಿದುಹೋದ ಜಾಗವನ್ನು ಎಐ ತನಗೆ ತೋಚಿದ್ದರಿಂದ ತುಂಬುತ್ತದೆ.

ಎಚ್ಚರ ಬೇಕಾದ್ದು ಇಲ್ಲೇ. ಕುವಾಹಾರಾ ವಿವರಗಳನ್ನು ಬಿಡುತ್ತದೆ, ಹೊಸದನ್ನು ತರುವುದಿಲ್ಲ. ಎಐ ತರುತ್ತದೆ. ಜೊತೆಗೆ, 2022ರ ಆ ಸ್ಟೇಬಲ್ ಡಿಫ್ಯೂಷನ್ 512×512 ಪಿಕ್ಸೆಲ್‌ಗಳ ಚಿತ್ರವನ್ನು ಒಳಗೆ 64×64 ಮನೆಗಳಿಗೆ ಕುಗ್ಗಿಸಿಕೊಳ್ಳುತ್ತದೆ. 80 ಪಿಕ್ಸೆಲ್ ಅಗಲದ ಮುಖಕ್ಕೆ ಸಿಗುವುದು ಹತ್ತೇ ಮನೆ ಅಗಲ. ಗುಂಪು ಫೋಟೊದಲ್ಲಿ ಹಿಂದೆ ನಿಂತ ಅಜ್ಜಿಯ ಕಣ್ಣು ಬೇರೆ ಯಾರದ್ದೋ ಆಗುವುದಕ್ಕೆ ಇದೂ ಒಂದು ಕಾರಣ.

ಅದಕ್ಕೇ ಒಂದೇ ಗುಂಡಿ ಒತ್ತಿ ಮುಗಿಸಬೇಡಿ. ಮೂಲ ಫೋಟೊ, ಕುವಾಹಾರಾ ಹಾಕಿದ್ದು, ಎಐ ಮಾಡಿದ್ದು, ಮೂರನ್ನೂ ಲೇಯರ್‌ಗಳಾಗಿ ಒಂದರ ಮೇಲೊಂದು ಇಡಿ. ಮರ, ಆಕಾಶ, ಗೋಡೆಗೆ ಎಐ ಇರಲಿ. ಬಟ್ಟೆಗೆ ಕುವಾಹಾರಾ ಸಾಕು. ಮುಖದ ಹತ್ತಿರ ಲೇಯರ್ ಮಾಸ್ಕ್ (ಮೇಲಿನ ಲೇಯರ್‌ನ ಬೇಡದ ಭಾಗವನ್ನು ಮರೆಮಾಡುವ ಸಾಧನ) ಹಾಕಿ, ಮೆತ್ತನೆಯ ಬ್ರಷ್‌ನಲ್ಲಿ ಮೂಲದ ಕಣ್ಣು, ತುಟಿಗಳನ್ನು ಸ್ವಲ್ಪಸ್ವಲ್ಪವೇ ವಾಪಸ್ ತನ್ನಿ. ಅಜ್ಜಿಯನ್ನು ಬಲ್ಲವರು ಯಾರಾದರೂ ನೋಡಿ ಹೌದು ಅನ್ನುವವರೆಗೂ ಈ ಕೆಲಸ ಮಾಡಿ.