ಬಾಣಂತಿ ತಿಂದ ನಂಜಿನಿಂದ ಮಗುವಿನ ಕರುಳು ಕೆಡುತ್ತದೆಯೇ?

ಪ್ರಶ್ನೆ: ನಾವು ಮುಂಬೈಯ ಮುಲುಂಡ್‌ನಲ್ಲಿದ್ದೇವೆ. ಬಾಣಂತನಕ್ಕೆಂದು ಕುಂದಾಪುರದಿಂದ ಬಂದಿದ್ದೇನೆ. ಮಗಳಿಗೆ 29 ವಾರಕ್ಕೇ ಹೆರಿಗೆಯಾಯಿತು. ಮಗು 1,150 ಗ್ರಾಂ. ಹದಿನಾರು ದಿನ ಮೂಗಿನ ನಳಿಕೆಯಲ್ಲಿ ತಾಯಿಯ ಹಾಲು ಕೊಟ್ಟರು. ಈಗ ಹೊಟ್ಟೆ ಉಬ್ಬಿದೆ, ಮಲದಲ್ಲಿ ರಕ್ತ ಕಂಡಿದೆ. ‘ಎನ್‌ಇಸಿ’ ಎಂದು ಹೇಳಿ ಹಾಲು ನಿಲ್ಲಿಸಿದ್ದಾರೆ. ಹಿಂದಿನ ದಿನ ಮಗಳು ಸಿಗಡಿ ಸಾರು ಉಂಡಿದ್ದಳು. ಆ ನಂಜೇ ಹಾಲಿಗೆ ಇಳಿಯಿತು ಎಂದು ಊರಿನವರು ಫೋನಿನಲ್ಲಿ ಹೇಳುತ್ತಿದ್ದಾರೆ. ಮಗಳು ಅಳುತ್ತಾ ಹಾಲು ಹಿಂಡುವುದನ್ನೇ ಬಿಟ್ಟಿದ್ದಾಳೆ. ನಿಜಕ್ಕೂ ಅವಳ ಹಾಲಿನಿಂದ ಹೀಗಾಯಿತೇ?

ಉತ್ತರ: ಇಲ್ಲ ಅಮ್ಮಾ. ಸಿಗಡಿಯಿಂದಲೂ ಅಲ್ಲ, ಹಾಲಿನಿಂದಲೂ ಅಲ್ಲ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಳವಳಗೊಳಿಸಿದ್ದು ಮಗಳು ಹಿಂಡುವುದನ್ನು ಬಿಟ್ಟಿದ್ದಾಳೆ ಎಂಬ ಮಾತು. ಇದನ್ನು ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಮೊದಲು ಅವಳನ್ನು ಹಾಲು ಹಿಂಡಲು ಕೂರಿಸಿ. ಉಳಿದದ್ದನ್ನು ಆಮೇಲೆ ಓದಬಹುದು.

ಎನ್‌ಇಸಿ ಎಂದರೆ ನೆಕ್ರೊಟೈಸಿಂಗ್ ಎಂಟರೊಕೊಲೈಟಿಸ್. ಕರುಳಿನಲ್ಲಿ ಉರಿಯೂತ ಎದ್ದು, ರಕ್ತ ಸಂಚಾರ ಕುಂದಿ, ಅದರ ಗೋಡೆ ಅಲ್ಲಲ್ಲಿ ಸಾಯತೊಡಗುವ ಕಾಯಿಲೆ ಇದು. ಸಾಮಾನ್ಯವಾಗಿ ಸಣ್ಣ ಕರುಳಿನ ಕೊನೆಯ ಭಾಗ ಮತ್ತು ದೊಡ್ಡ ಕರುಳು ಇದಕ್ಕೆ ತುತ್ತಾಗುತ್ತವೆ. ಮೂಲ ಕಾರಣ ಅವಧಿಗೆ ಮುನ್ನ ಹುಟ್ಟಿದ್ದೇ. 29 ವಾರದ ಮಗುವಿನ ಕರುಳು ಇನ್ನೂ ಎರಡೂವರೆ ತಿಂಗಳು ಹೊಟ್ಟೆಯೊಳಗೆ ಬಲಿಯಬೇಕಾಗಿತ್ತು. ಅದರ ಒಳಪದರ ತೆಳು, ಲೋಳೆಯ ರಕ್ಷಣೆ ಕಡಿಮೆ, ಆಹಾರವನ್ನು ಮುಂದೆ ತಳ್ಳುವ ಚಲನೆ ನಿಧಾನ. ಹುಟ್ಟಿದ ಮೇಲೆ ಅಲ್ಲಿ ನೆಲೆಯೂರುವ ಬ್ಯಾಕ್ಟೀರಿಯಾಗಳ ಮೇಲೆ ಎಳೆಯ ರೋಗನಿರೋಧಕ ವ್ಯವಸ್ಥೆ ಅತಿಯಾಗಿ ಕೆರಳುತ್ತದೆ. 1,500 ಗ್ರಾಂಗಿಂತ ಕಡಿಮೆ ತೂಕದ ಮಕ್ಕಳಲ್ಲೇ ಇದು ಹೆಚ್ಚು. ತಿಂಗಳು ತುಂಬಿ ಹುಟ್ಟಿದವರಲ್ಲಿ ಅಪರೂಪ. ಬಂದರೂ ಹುಟ್ಟು ಹೃದಯದೋಷ ಅಥವಾ ಹೆರಿಗೆಯಲ್ಲಿ ಉಸಿರುಗಟ್ಟಿದಂತಹ ಕಾರಣ ಹಿಂದಿರುತ್ತದೆ. ಎರಡನೆಯ, ಮೂರನೆಯ ವಾರದಲ್ಲಿ, ಮಗು ಸುಧಾರಿಸಿತು ಎಂದು ಮನೆಯವರು ಉಸಿರು ಬಿಡುವ ಹೊತ್ತಿಗೆ ಇದು ಬರುತ್ತದೆ. ಅದಕ್ಕೇ ಜನ ಹಿಂದಿನ ದಿನದ ಊಟವನ್ನು ಹುಡುಕುತ್ತಾರೆ.

ತಾಯಿಯ ಹಾಲು ಈ ಕಾಯಿಲೆಗೆ ನಮಗೆ ಗೊತ್ತಿರುವ ಅತಿ ಬಲವಾದ ತಡೆ. 1990ರಲ್ಲಿ ಬ್ರಿಟನ್ನಿನ 926 ಅವಧಿಪೂರ್ವ ಶಿಶುಗಳ ಅಧ್ಯಯನ ಪ್ರಕಟವಾಯಿತು. ಎದೆಹಾಲನ್ನಷ್ಟೇ ಕುಡಿದವರಿಗಿಂತ ಡಬ್ಬಿ ಹಾಲನ್ನಷ್ಟೇ ಕುಡಿದವರಲ್ಲಿ ಎನ್‌ಇಸಿ ಆರರಿಂದ ಹತ್ತು ಪಟ್ಟು ಹೆಚ್ಚಿತ್ತು. ಎದೆಹಾಲಿನ ಪ್ರತಿಕಾಯಗಳು ಕರುಳಿನ ಒಳಗೋಡೆಯನ್ನು ಕಾಯುತ್ತವೆ. ಅದರಲ್ಲಿರುವ ವಿಶೇಷ ಸಕ್ಕರೆಗಳು ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಬೆಳೆಸುತ್ತವೆ. ಅಪಾಯ ತಗ್ಗುತ್ತದೆ, ಸೊನ್ನೆಯಾಗುವುದಿಲ್ಲ. ನಿಮ್ಮ ಮೊಮ್ಮಗುವಿಗೆ ಹಾಲು ಸಿಕ್ಕಿಯೂ ಕಾಯಿಲೆ ಬಂದಿತು. ಹಾಲು ಸಿಕ್ಕಿದ್ದರಿಂದ ಬಂದದ್ದಲ್ಲ. ಈ ಎರಡು ಮಾತುಗಳ ವ್ಯತ್ಯಾಸವನ್ನು ಮಗಳಿಗೆ ನೀವೇ ಹೇಳಬೇಕು. ಊರಿನ ಫೋನುಗಳನ್ನೂ ಕೆಲವು ದಿನ ನೀವೇ ತೆಗೆದುಕೊಳ್ಳಿ.

ಹಾಗಾದರೆ ಹಾಲು ಏಕೆ ನಿಲ್ಲಿಸಿದರು? ಪೆಟ್ಟು ಬಿದ್ದ ಕರುಳಿಗೆ ಯಾವ ಆಹಾರವೂ ಭಾರವೇ. ಸಾಮಾನ್ಯವಾಗಿ ಏಳರಿಂದ ಹದಿನಾಲ್ಕು ದಿನ ಬಾಯಿಗೆ ಏನೂ ಕೊಡದೆ, ಪೋಷಣೆಯನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ನಳಿಕೆಯಿಂದ ಹೊಟ್ಟೆಯ ಗಾಳಿ, ದ್ರವ ಹೊರತೆಗೆಯುತ್ತಾರೆ, ಆಂಟಿಬಯೋಟಿಕ್ ನಡೆಯುತ್ತದೆ. ಮೇಲಿಂದ ಮೇಲೆ ಎಕ್ಸ್‌ರೇ ತೆಗೆಯುವುದನ್ನು ಕಂಡು ಗಾಬರಿಯಾಗಬೇಡಿ. ಕರುಳಿನ ಗೋಡೆಯೊಳಗೆ ಗಾಳಿಗುಳ್ಳೆಗಳಿವೆಯೇ, ಕರುಳು ತೂತಾಗಿ ಗಾಳಿ ಹೊಟ್ಟೆಯೊಳಗೆ ಹರಡಿದೆಯೇ ಎಂದು ನೋಡಲು ಅದು ಬೇಕೇ ಬೇಕು. ಅನೇಕ ಮಕ್ಕಳು ಇಷ್ಟರಲ್ಲೇ ಚೇತರಿಸಿಕೊಳ್ಳುತ್ತಾರೆ. ತೂತಾದರೆ ಶಸ್ತ್ರಚಿಕಿತ್ಸೆ: ಸತ್ತ ಭಾಗ ತೆಗೆದು, ಕೆಲವು ಕಾಲ ಕರುಳಿನ ಬಾಯಿಯನ್ನು ಹೊಟ್ಟೆಯ ಮೇಲೆ ತೆರೆದಿಡುತ್ತಾರೆ. ಇದು ಪ್ರಾಣಕ್ಕೆ ಎರವಾಗಬಲ್ಲ ಕಾಯಿಲೆ ಎಂಬುದನ್ನು ನಾನು ನಿಮ್ಮಿಂದ ಮುಚ್ಚಿಡುವುದಿಲ್ಲ. ಯಾವ ಹಂತದಲ್ಲಿದೆ, ಶಸ್ತ್ರಚಿಕಿತ್ಸಕರು ನೋಡಿದ್ದಾರೆಯೇ ಎಂದು ವೈದ್ಯರನ್ನು ನೇರವಾಗಿ ಕೇಳಿ.

ಇನ್ನು ಹಿಂಡುವ ವಿಷಯ. ಖಾಲಿಯಾಗದ ಎದೆಯಲ್ಲಿ ಹಾಲು ಬತ್ತುತ್ತದೆ. ಎರಡು ವಾರದ ನಂತರ ವೈದ್ಯರು ‘ಹಾಲು ಶುರು ಮಾಡೋಣ’ ಎಂದಾಗ ಮೊದಲು ಬೇಕಾಗುವುದು ಕೆಲವೇ ಮಿಲಿಲೀಟರ್, ಆದರೆ ಅದು ಅವಳದೇ ಹಾಲಾಗಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ದಿನಕ್ಕೆ ಎಂಟು ಸಲ, ರಾತ್ರಿ ಒಮ್ಮೆಯಾದರೂ ಹಿಂಡಬೇಕು. ತೆಗೆದ ಹಾಲಿಗೆ ಹೆಸರು, ದಿನಾಂಕ, ಹೊತ್ತು ಬರೆದ ಚೀಟಿ ಅಂಟಿಸಿ. ಎಷ್ಟು ದಿನ, ಎಲ್ಲಿ ಇಡಬೇಕೆಂದು ಘಟಕದ ನರ್ಸ್ ಹೇಳುತ್ತಾರೆ. ಮನೆಯಿಂದ ಲೋಕಲ್ ರೈಲಿನಲ್ಲಿ ಒಯ್ಯುವುದಾದರೆ ಐಸ್ ಪ್ಯಾಕ್ ಇಟ್ಟ ಪೆಟ್ಟಿಗೆ ಇರಲಿ. ಅವಳು ಸಿಗಡಿಯನ್ನೂ ತಿನ್ನಲಿ, ಅನ್ನವನ್ನೂ ತಿನ್ನಲಿ. ಪಥ್ಯದ ಹೆಸರಿನಲ್ಲಿ ಹಸಿದಿರಬಾರದು.

ಹಾಲು ಸಾಲದೆ ಬಂದರೂ ಈ ಊರಿನಲ್ಲಿ ದಾರಿಯಿದೆ. ಏಷ್ಯಾದ ಮೊದಲ ತಾಯಂದಿರ ಹಾಲಿನ ಬ್ಯಾಂಕ್ 1989ರಲ್ಲಿ ತೆರೆದದ್ದು ನಿಮ್ಮದೇ ಸೆಂಟ್ರಲ್ ಲೈನಿನ ಸಾಯನ್ ಆಸ್ಪತ್ರೆಯಲ್ಲಿ, ಡಾ. ಅರ್ಮಿಡಾ ಫರ್ನಾಂಡಿಸ್ ಅವರ ನೇತೃತ್ವದಲ್ಲಿ. ಹಾಲಿನ ಬ್ಯಾಂಕುಗಳಲ್ಲಿ ದಾನಿ ತಾಯಂದಿರ ರಕ್ತ ಪರೀಕ್ಷಿಸಿ, ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿ, ಹೆಪ್ಪುಗಟ್ಟಿಸಿ ಇಡುತ್ತಾರೆ. ಕಾಯಿಸಿದಾಗ ರಕ್ಷಕ ಗುಣ ಸ್ವಲ್ಪ ಕುಗ್ಗುತ್ತದೆ. ಆದ್ದರಿಂದ ಮೊದಲ ಆಯ್ಕೆ ಹೆತ್ತವಳ ಹಾಲು, ಎರಡನೆಯದು ಬ್ಯಾಂಕಿನದು. ಮಗುವಿನ ವೈದ್ಯರ ಮೂಲಕವೇ ವಿಚಾರಿಸಿ.

ಮಗು ಮನೆಗೆ ಬಂದ ಮೇಲೆ ಜೇನು, ಬಜೆ, ಘುಟ್ಟಿ ಯಾವುದೂ ಬೇಡ. ನಿಮ್ಮ ಕೈಯಿಂದಲೇ ಎಷ್ಟೋ ಮಕ್ಕಳು ಅವನ್ನು ನೆಕ್ಕಿ ಬೆಳೆದಿರಬಹುದು, ಆದರೆ ಈ ಕರುಳು ಬೇರೆ. ಗಾಯ ಮಾಯುವಾಗ ಕರುಳು ಒಂದೆಡೆ ಕಿರಿದಾಗಿ ವಾರಗಳು, ತಿಂಗಳುಗಳ ನಂತರವೂ ಅಡ್ಡಿಯಾಗಬಹುದು. ಹೊಟ್ಟೆ ಮತ್ತೆ ಉಬ್ಬಿದರೆ, ಮಲ ನಿಂತರೆ, ಹಸಿರು ವಾಂತಿಯಾದರೆ ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ.