ಗುಂಪಿನಲ್ಲಿ ಬೇರೆಯವರು ಹಾಕಿದ ಪೋಸ್ಟ್‌ಗೆ ಅಡ್ಮಿನ್ ಹೊಣೆಯೇ?

ಪ್ರಶ್ನೆ: ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ನಾನು ಅಡ್ಮಿನ್. ಸದಸ್ಯರೊಬ್ಬರು ಯಾರದೋ ಮಾನ ಕಳೆಯುವ ಅಥವಾ ಕೋಮುದ್ವೇಷದ ಪೋಸ್ಟ್ ಹಾಕಿದರೆ ನನ್ನ ಮೇಲೂ ಕೇಸ್ ಬೀಳುತ್ತದೆಯೇ?

ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ನೀವು ಅಪರಾಧಿಯಾಗುವುದಿಲ್ಲ. ಒಬ್ಬರ ಅಪರಾಧವನ್ನು ಇನ್ನೊಬ್ಬರ ತಲೆಗೆ ಕಟ್ಟಬೇಕಾದರೆ ಹಾಗೆಂದು ಕಾನೂನಿನಲ್ಲೇ ಇರಬೇಕು. ಅಡ್ಮಿನ್‌ಗಳ ಬಗ್ಗೆ ಅಂಥ ಸೆಕ್ಷನ್ ಇಲ್ಲ. ಬಾಂಬೆ ಹೈಕೋರ್ಟ್‌ನ ನಾಗ್ಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ಹೇಳಿದ್ದು ಇದನ್ನೇ. ಪೋಸ್ಟ್ ಹಾಕಿದವರೂ ಅಡ್ಮಿನ್ನೂ ಮೊದಲೇ ಮಾತಾಡಿಕೊಂಡಿದ್ದರೆ ಲೆಕ್ಕ ಬೇರೆ.

ಹಾಗೆಂದು ಪೂರ್ತಿ ನಿರಾಳರಾಗಬೇಡಿ. ಸದಸ್ಯರನ್ನು ಸೇರಿಸುವ, ತೆಗೆಯುವ ಅಧಿಕಾರವಷ್ಟೇ ಅಡ್ಮಿನ್‌ಗೆ ಇದೆ ಎಂಬುದು ಆ ತೀರ್ಪುಗಳ ಒಂದು ಆಧಾರ. ಕೇರಳದ ತೀರ್ಪಿನ ನಂತರ, ಯಾರ ಸಂದೇಶವನ್ನಾದರೂ ಎಲ್ಲರಿಗೂ ಕಾಣದಂತೆ ಅಳಿಸುವ ಸೌಲಭ್ಯ ಅಡ್ಮಿನ್ ಕೈಗೆ ಬಂದಿದೆ. ‘ನಾನೇನು ಮಾಡಲಿ’ ಎಂಬ ಮಾತಿಗೆ ಈಗ ಮೊದಲಿನ ಬಲವಿಲ್ಲ ಎಂಬುದು ನಮ್ಮ ಅಭಿಪ್ರಾಯ. ಅಲ್ಲದೆ ಎಫ್‌ಐಆರ್‌ನಲ್ಲಿ ಒಮ್ಮೆ ಹೆಸರು ಸೇರಿದರೆ, ತಪ್ಪಿಲ್ಲದಿದ್ದರೂ ಅದನ್ನು ರದ್ದು ಮಾಡಿಸಲು ಹೈಕೋರ್ಟ್‌ಗೆ ಅಲೆಯಬೇಕು.

ಜನ ಹೆಚ್ಚು ಸುಲಭವಾಗಿ ಸಿಕ್ಕಿಬೀಳುವುದು ಫಾರ್ವರ್ಡ್‌ನಲ್ಲಿ. ಮೇಲೆ ‘ಫಾರ್ವರ್ಡೆಡ್ ಆ್ಯಸ್ ರಿಸೀವ್ಡ್’ ಎಂದು ಬರೆದರೆ ಪಾರಾದೆವೆಂಬ ನಂಬಿಕೆಗೆ ಬುಡವಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಸೆಕ್ಷನ್ ಅಶ್ಲೀಲ ವಸ್ತುವನ್ನು ತಯಾರಿಸಿದವರನ್ನಷ್ಟೇ ಅಲ್ಲ, ರವಾನಿಸಿದವರನ್ನೂ ಹಿಡಿಯುತ್ತದೆ: ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಮಾನನಷ್ಟದಲ್ಲೂ ಹೇಳಿದವರ ಜೊತೆ ಹರಡಿದವರೂ ಬರುತ್ತಾರೆ.

ಅಂಥ ಪೋಸ್ಟ್ ಕಂಡರೆ ಗಾಬರಿಯಲ್ಲಿ ತಕ್ಷಣ ಅಳಿಸಿಬಿಡುವುದು ಸಾಮಾನ್ಯ ತಪ್ಪು. ಮೊದಲು ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಕಳಿಸಿದವರ ಹೆಸರು ನಿಮ್ಮ ಫೋನಿನಲ್ಲಿ ಸೇವ್ ಆಗಿದ್ದರೆ ಚಿತ್ರದಲ್ಲಿ ನಂಬರ್ ಬರುವುದಿಲ್ಲ. ಅವರ ಪ್ರೊಫೈಲ್ ತೆರೆದು ಅದರದ್ದೂ ಒಂದು ತೆಗೆಯಿರಿ. ಆಮೇಲೆ ಎಲ್ಲರಿಗೂ ಅಳಿಸಿ, ಯಾಕೆ ಅಳಿಸಿದಿರಿ ಎಂದು ಗುಂಪಿನಲ್ಲೇ ಒಂದು ಸಾಲು ಬರೆಯಿರಿ. ನಿಮ್ಮ ನಿಲುವಿಗೆ ದಾಖಲೆ ಆ ಸಾಲೇ. ವಿಷಯ ಕೋರ್ಟಿಗೆ ಹೋಗುವ ಸೂಚನೆ ಇದ್ದರೆ ಫೋನ್ ರೀಸೆಟ್ ಮಾಡಬೇಡಿ, ಮಾರಬೇಡಿ: ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ಸ್ಕ್ರೀನ್‌ಶಾಟ್ ಸಾಕ್ಷ್ಯವಾಗಬೇಕಾದರೆ, ಅದನ್ನು ಯಾವ ಫೋನಿನಿಂದ ಹೇಗೆ ತೆಗೆದದ್ದು ಎಂದು ತಿಳಿಸುವ ಪ್ರಮಾಣಪತ್ರ ಬೇಕು. ಮೂಲ ಫೋನಿಲ್ಲದೆ ಅದನ್ನು ಕೊಡುವುದು ಕಷ್ಟ.

ಮಕ್ಕಳ ಲೈಂಗಿಕ ದೃಶ್ಯ ಬಂದಾಗ ಮಾತ್ರ ಈ ಕ್ರಮ ಬೇಡವೇ ಬೇಡ. ಅದನ್ನು ಡೌನ್‌ಲೋಡ್ ಮಾಡುವುದು, ಸಂಗ್ರಹಿಸುವುದೇ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಸೆಕ್ಷನ್ ಪ್ರಕಾರ ಅಪರಾಧ. ಸ್ಕ್ರೀನ್‌ಶಾಟ್ ತೆಗೆಯಬೇಡಿ, ಪೊಲೀಸ್ ಪರಿಚಯಸ್ಥರಿಗೂ ಕಳಿಸಬೇಡಿ. ನಂಬರ್, ಸಮಯವನ್ನು ಕಾಗದದಲ್ಲಿ ಬರೆದುಕೊಂಡು ಅಳಿಸಿ, ಠಾಣೆಯಲ್ಲೋ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೋ ದೂರು ಕೊಡಿ. ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ಕೊಡಬಹುದು. ಆಟೋ ಡೌನ್‌ಲೋಡ್ ಆನ್ ಇದ್ದರೆ ಗ್ಯಾಲರಿಯಲ್ಲಿ ಪ್ರತಿ ಕೂತಿರುತ್ತದೆ, ಅಲ್ಲಿಂದಲೂ ತೆಗೆಯಿರಿ.