"ನಾನು ಮಾಡಿದ್ದಲ್ಲ, ಸುಮ್ನೆ ಫಾರ್ವರ್ಡ್ ಮಾಡಿದೆ" ಅಂತಾನೆ ಮಗ. ಇದೂ ತಪ್ಪಾ?

ಪ್ರಶ್ನೆ: ಮಗ ಒಂಬತ್ತನೇ ಕ್ಲಾಸು. ಅವರ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಒಬ್ಬ ಹುಡುಗನ ಫೋಟೋ ಹಿಡಿದು ಗೇಲಿ ಮಾಡೋ ಸ್ಟಿಕರ್ ಮಾಡಿದ್ದಾರೆ. ನಮ್ಮವನು ಅದನ್ನು ಟ್ಯೂಷನ್ ಗ್ರೂಪಿಗೆ ಕಳಿಸಿದ್ದಾನೆ. ಒಳ್ಳೇ ಹುಡುಗ. ಇದನ್ನು ದೊಡ್ಡದು ಮಾಡಬೇಕಾ?

ಉತ್ತರ: ಮಾಡಬೇಕು. ಬೈದು, ಫೋನ್ ಕಿತ್ತುಕೊಂಡು ಅಲ್ಲ. ಹಾಗೆ ಮಾಡಿದರೆ ಮುಂದಿನ ಸಲ ನಿಮಗೆ ಗೊತ್ತಾಗುವುದೇ ಇಲ್ಲ.

ಅವನು ಒಳ್ಳೆಯವನು ಅನ್ನುವುದನ್ನು ನಾನು ನಂಬುತ್ತೇನೆ. ಇನ್ನೊಬ್ಬರನ್ನು ಆಡಿಕೊಳ್ಳುವುದು ಸರಿಯಾ ಎಂದು ಕೇಳಿ ನೋಡಿ, ತಪ್ಪು ಅಂತಲೇ ಹೇಳುತ್ತಾನೆ. ತೊಂದರೆ ಇರುವುದು ಬೇರೆ ಕಡೆ. ತಪ್ಪು ಅಂತ ಗೊತ್ತಿದ್ದೂ, "ಇದು ಆ ಲೆಕ್ಕಕ್ಕೆ ಬರಲ್ಲ" ಎಂದು ಮನಸ್ಸನ್ನು ಒಪ್ಪಿಸಿಬಿಡುತ್ತೇವಲ್ಲ, ಅಲ್ಲಿ. ತಮಾಷೆಗೆ ಮಾಡಿದ್ದು. ಎಲ್ಲರೂ ಕಳಿಸಿದರು. ಅವನಿಗೇನೂ ಬೇಜಾರಿಲ್ಲ. ಅವನೇ ಹಾಗೆ ಆಡ್ತಾನೆ. ಸ್ಟ್ಯಾನ್‌ಫರ್ಡ್‌ನ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಇಂಥ ಸಬೂಬುಗಳನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದರು.

1975ರಲ್ಲಿ ಪ್ರಕಟವಾದ ಅವರ ಒಂದು ಪ್ರಯೋಗ ಕೇಳಿ. ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟರು: ಪಕ್ಕದ ಕೋಣೆಯವರು ತಪ್ಪಿದಾಗ ವಿದ್ಯುತ್ ಶಾಕ್ ಕೊಡಬೇಕು, ಎಷ್ಟು ಜೋರು ಅನ್ನುವುದು ಅವರಿಗೆ ಬಿಟ್ಟದ್ದು. ಶಾಕ್ ನಿಜವಾಗಿ ಯಾರಿಗೂ ತಗಲುತ್ತಿರಲಿಲ್ಲ, ಅದು ಇವರಿಗೆ ಗೊತ್ತಿಲ್ಲ. ಕೆಲವರಿಗೆ "ನೀವು ಮೂವರೂ ಆರಿಸಿದ ಶಾಕ್‌ಗಳ ಸರಾಸರಿ ಪಕ್ಕದ ಕೋಣೆಯವರಿಗೆ ಹೋಗುತ್ತದೆ" ಎಂದಿದ್ದರು, ಅಂದರೆ ಹೊಣೆ ಮೂವರಲ್ಲಿ ಹಂಚಿಹೋಯಿತು. ಹೊಣೆ ತಮ್ಮೊಬ್ಬರದೇ ಅಂದುಕೊಂಡವರಿಗಿಂತ ಅವರು ಜಾಸ್ತಿ ಜೋರಿನ ಶಾಕ್ ಆರಿಸಿದರು. ಪಕ್ಕದವರನ್ನು ಯಾರೋ ಪ್ರಾಣಿಗಳಂಥವರು ಎಂದದ್ದು ಕಿವಿಗೆ ಬಿದ್ದಾಗಲೂ ಕೈ ಜೋರಾಯಿತು. ಒಳ್ಳೆಯವರು ಎಂದದ್ದು ಕೇಳಿದವರ ಕೈ ಹಗುರವಾಯಿತು.

ವಾಟ್ಸಾಪ್ ಗ್ರೂಪಿನಲ್ಲಿ ಈ ಎರಡೂ ಒಟ್ಟಿಗೇ ನಡೆಯುತ್ತವೆ. ಕಳಿಸುವವರು ಹತ್ತಾರು ಜನ, ಹಾಗಾಗಿ ಯಾರಿಗೂ ತನ್ನ ಪಾಲು ಕಾಣುವುದಿಲ್ಲ. ಸ್ಟಿಕರ್ ಆದಮೇಲೆ ಆ ಹುಡುಗ ಬರೀ ನಗೋಕೆ ಸಿಕ್ಕ ಒಂದು ಚಿತ್ರ. ಶಾಲೆಯ ಅಂಗಳದಲ್ಲಾದರೆ ಅವನ ತುಟಿ ನಡುಗುವುದು ಕಾಣುತ್ತದೆ, ಎಷ್ಟೋ ಮಕ್ಕಳು ಅಲ್ಲಿಗೇ ನಿಲ್ಲಿಸುತ್ತಾರೆ. ಫೋನಿನಲ್ಲಿ ಕಾಣುವುದು ನಗುವ ಇಮೋಜಿಗಳು ಮಾತ್ರ.

ಫಾರ್ವರ್ಡ್ ಮಾಡುವವನ ಪಾಲೇನು ಅಂತೀರಾ? ಸ್ಟಿಕರ್ ಮಾಡಿದವನು ಪಶ್ಚಾತ್ತಾಪಪಟ್ಟು ಅದನ್ನು ಗ್ರೂಪಿನಿಂದ ಅಳಿಸಿದ ಅಂದುಕೊಳ್ಳಿ. ಅಷ್ಟರಲ್ಲಿ ಅದನ್ನು ಫೇವರಿಟ್ಸ್‌ಗೆ ಸೇರಿಸಿಕೊಂಡವರ ಫೋನಿನಲ್ಲಿ ಅದು ಹಾಗೇ ಇರುತ್ತದೆ. ಟ್ಯೂಷನ್ ಗ್ರೂಪಿಗೆ ಹೋದದ್ದಂತೂ ಅವನ ಕೈಲಿಲ್ಲ. ಕ್ಲಾಸಿನ ಹೊರಗೆ ಆ ಹುಡುಗನಿಗೆ ಉಳಿದಿದ್ದ ಒಂದು ಜಾಗವನ್ನೂ ನಿಮ್ಮ ಮಗ ಕಿತ್ತುಕೊಂಡ. ನನಗೆ ಅತಿ ಸಂಕಟ ಆಗುವುದು ಇದಕ್ಕೇ.

ಫಿನ್‌ಲೆಂಡಿನ ಸಂಶೋಧಕಿ ಕ್ರಿಸ್ಟಿನಾ ಸಾಲ್ಮಿವಾಲ್ಲಿ 1996ರಲ್ಲೇ ತೋರಿಸಿದ್ದರು: ಕಾಡುವವನ ಸುತ್ತ ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ಸುಮ್ಮನಿರುವವರು, ಕಾಪಾಡುವವರು ಇರುತ್ತಾರೆ. ಅಲ್ಲಿನ ಶಾಲೆಗಳ 'ಕಿವಾ' ಕಾರ್ಯಕ್ರಮ ಕಾಡುವವನೊಬ್ಬನನ್ನೇ ಹಿಡಿದು ಕೂರದೆ ಈ ಸುತ್ತಲಿನ ಮಕ್ಕಳನ್ನು ತಿದ್ದಲು ನೋಡುತ್ತದೆ.

ಚಿತ್ರ ಅಶ್ಲೀಲವಾಗಿದ್ದರೆ ವಿಷಯವೇ ಬೇರೆ. ಮಕ್ಕಳ ಲೈಂಗಿಕ ಚಿತ್ರವನ್ನು ಕಳಿಸುವುದೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂನಡಿ ಅಪರಾಧ. ಅದನ್ನು ಯಾರಿಗೂ ಕಳಿಸಬೇಡಿ, ಸಾಕ್ಷಿಗೆ ಅಂತಲೂ ಬೇಡ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಅಷ್ಟು ದೂರ ಹೋಗಿಲ್ಲ ಅಂದರೆ, ಇವತ್ತೇ ಅವನ ಜೊತೆ ಕೂತು ಸ್ಟಿಕರನ್ನು ಫೇವರಿಟ್ಸ್‌ನಿಂದಲೂ ತೆಗೆಸಿ. ಟ್ಯೂಷನ್ ಗ್ರೂಪಿನಲ್ಲಿ "ನಾನು ಕಳಿಸಬಾರದಿತ್ತು, ಎಲ್ಲರೂ ಡಿಲೀಟ್ ಮಾಡಿ" ಎಂದು ಅವನೇ ಬರೆಯಲಿ. ಆಮೇಲೆ ಆ ಹುಡುಗನನ್ನು ಒಬ್ಬನೇ ಇದ್ದಾಗ ಮಾತಾಡಿಸಲಿ. "ತಮಾಷೆಗೆ ಮಾಡಿದ್ದು, ಸಾರಿ" ಅನ್ನುವುದು ಬೇಡ, ಅದು ಮತ್ತೆ ಸಬೂಬೇ. "ನಾನೂ ಕಳಿಸಿದೆ, ತಪ್ಪಾಯ್ತು" ಅಂದರೆ ಸಾಕು. ಅವನು ಮುಖ ತಿರುಗಿಸಿಕೊಂಡು ಹೋದರೂ ಹೋಗಬಹುದು. ಹಾಗೆ ಹೋದರೆ ಹಿಂದೆ ಬಿದ್ದು ಕಾಡಬೇಡ ಅಂತ ಮಗನಿಗೆ ಮೊದಲೇ ಹೇಳಿರಿ.